ತಂತಿ ಇಲ್ಲದ ಪುಟ್ಟ ಮನೆಯಲ್ಲಿ ‘ಆರಿಸಿ’ ಎಂಬ ಬೋರ್ಡನ್ನು ಓದಿಕೊಳ್ಳುವ ಬಗ್ಗೆ

ಪ್ರಯಾಣಿಕರ ವಸತಿ ಇಲಾಖೆ
(ತಂತಿ ಇಲ್ಲದ ಪುಟ್ಟ ಮನೆಗಳ ಶಾಖೆ)

ಸಂಖ್ಯೆ: ಪ್ರವಇ/ತಂಇಪುಮ/ಆರಿಸಿ/೩/ತಿದ್ದುಪಡಿಯ ತಿದ್ದುಪಡಿ

ಸುತ್ತೋಲೆ

ವಿಷಯ: ಗುಡ್ಡದ ಮೇಲಿನ ಮೂರನೇ ಸಂಖ್ಯೆಯ ಪುಟ್ಟ ಮನೆಯ ಗೋಡೆಯ ಮೇಲಿರುವ ‘ಆರಿಸಿ’ ಎಂಬ ಬೋರ್ಡನ್ನು ಪ್ರಯಾಣಿಕರು ತಮತಮಗೆ ತೋಚಿದಂತೆ ಓದಿಕೊಂಡಿರುವುದು, ತತ್ಪರಿಣಾಮವಾಗಿ ಸದರಿ ಮನೆಯನ್ನು ಮುಚ್ಚುವ ಹಂತ ಬಂದಿರುವುದು, ಹಾಗೂ ಇನ್ನು ಮುಂದೆ ಅದನ್ನು ಹೇಗೆ ಓದತಕ್ಕದ್ದು ಎಂಬ ಬಗ್ಗೆ.

ಉಲ್ಲೇಖ:
(ಅ) ಬೋರ್ಡುಗಳ ಅಳತೆ ಕುರಿತ ಹಿಂದಿನ ಸುತ್ತೋಲೆ.
(ಆ) ಮನೆಯ ಮೇಲ್ವಿಚಾರಕಿಯ ಹನ್ನೊಂದು ಅರ್ಜಿಗಳು. ಹನ್ನೊಂದರಲ್ಲೂ ವಾಕ್ಯ ಒಂದೇ.
(ಇ) ಪ್ರಯಾಣಿಕರ ನಾಲ್ಕು ದೂರುಗಳು. ಇವುಗಳಲ್ಲಿ ಒಂದು ಹಾಲಿನಲ್ಲಿ ನೆನೆದಿರುವುದರಿಂದ ಅರ್ಧ ಮಾತ್ರ ಓದಲಾಗಿದೆ.
(ಈ) ಮನೆ ಮುಚ್ಚುವ ಕರಡು ಆದೇಶ.

ಪ್ರಸ್ತಾವನೆ:

ಊರಿನ ತಂತಿಯನ್ನಾಗಲಿ ಕೊಳಾಯಿಯನ್ನಾಗಲಿ ಮುಟ್ಟದೆ, ಬಿಸಿಲು ಕೊಟ್ಟಷ್ಟು ಬೆಳಕು, ಮಳೆ ಕೊಟ್ಟಷ್ಟು ನೀರು ಎಂಬ ಷರತ್ತಿನ ಮೇಲೆ ಪ್ರಯಾಣಿಕರು ಎರಡು ಮೂರು ದಿನ ತಂಗಿ ಹೋಗಲೆಂದು ಇಲಾಖೆಯು ಪುಟ್ಟ ಮನೆಗಳನ್ನು ಕಟ್ಟಿಸಿರುತ್ತದೆ. ಇವುಗಳ ಪೈಕಿ ಮೂರನೇ ಮನೆಯು ಎಂಟು ಅಡಿ ಅಗಲ, ಹದಿನಾಲ್ಕು ಅಡಿ ಉದ್ದವಿದ್ದು, ಮರದ ಗೋಡೆಗಳನ್ನೂ ನಾಲ್ಕು ಚಕ್ರಗಳನ್ನೂ ಹೊಂದಿರುತ್ತದೆ. ಛಾವಣಿಯ ಮೇಲೆ ಸೌರಫಲಕ. ಬೆಂಚಿನ ಕೆಳಗೆ ಬ್ಯಾಟರಿ. ಹಿಂಬದಿಗೆ ಇನ್ನೂರು ಲೀಟರು ಹಿಡಿಯುವ ಮಳೆನೀರಿನ ಪೀಪಾಯಿ. ಮಲಗಲು ಏಣಿ ಹತ್ತಿ ಹೋಗುವ ಅಟ್ಟ. ಗೋಡೆಗೆ ಮಡಚಿಕೊಳ್ಳುವ ಮೇಜು. ನೀರಿನ ಬದಲು ಮರದ ಹೊಟ್ಟು ಸುರಿಯುವ ಶೌಚಗೃಹ. ಕಥೆಯ ರಾಕ್ಷಸನ ಜೀವ ಗಿಳಿಯೊಳಗಿರುವ ಹಾಗೆ ಈ ಮನೆಯ ಜೀವ ಬ್ಯಾಟರಿಯೊಳಗಿರುತ್ತದೆ. ಮಲಗುವ ಮುಂಚೆ ದೀಪ ಆರಿಸದಿದ್ದರೆ ಬೆಳಗಾಗುವಷ್ಟರಲ್ಲಿ ಗಿಳಿ ಹಾರಿಹೋಗಿರುತ್ತದೆ ಎಂಬುದನ್ನು ಈ ಮೂಲಕ ನೆನಪಿಸಲಾಗಿದೆ.

ಸದರಿ ಮನೆಯನ್ನು ಮೊದಲ ದಿನದಿಂದಲೂ ನೋಡಿಕೊಳ್ಳುತ್ತಿರುವವರನ್ನು ಕಡತಗಳಲ್ಲಿ ‘ಮೇಲ್ವಿಚಾರಕಿ (ತಾತ್ಕಾಲಿಕ)’ ಎಂದೂ, ಮಿಕ್ಕ ಎಲ್ಲ ಕಡೆ ‘ಬೀಗದಕ್ಕ’ ಎಂದೂ ಕರೆಯಲಾಗುತ್ತದೆ. ಅವರ ಬೀಗ ಬಾಗಿಲಿಗಿಂತ ದೊಡ್ಡದು ಎಂಬ ಮಾತು ಊರಿನಲ್ಲಿ ಚಾಲ್ತಿಯಲ್ಲಿದ್ದು, ಅಳೆದು ನೋಡಲಾಗಿ ಅಷ್ಟೇನೂ ದೊಡ್ಡದಿಲ್ಲ. ಗೋಡೆಯ ಬಿರುಕಿಗೆ ಜೇನುಮೇಣ ತುಂಬುವುದು, ಸೌರಫಲಕದ ಧೂಳನ್ನು ತಮ್ಮ ಸೆರಗಿನಿಂದ ಒರೆಸುವುದು, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಡುತ್ತಾ “ಆಯ್ತು ಆಯ್ತು, ಸುಮ್ನಿರು” ಎಂದು ಸಮಾಧಾನ ಹೇಳುವುದು ಅವರ ಕೆಲಸದ ಪಟ್ಟಿಯಲ್ಲಿ ಇರುವುದಿಲ್ಲ. ಆದಾಗ್ಯೂ ಇವೆಲ್ಲ ನಡೆದುಕೊಂಡು ಬಂದಿರುತ್ತವೆ.

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟವರೆಲ್ಲರ ಗಮನಕ್ಕೆ ಈ ಕೆಳಕಂಡ ಅಂಶಗಳನ್ನು ತರಲಾಗಿದೆ.

೧. ಮನೆ ಪುಟ್ಟದಾದ್ದರಿಂದ ಬೋರ್ಡೂ ಪುಟ್ಟದಿರತಕ್ಕದ್ದು ಎಂದು ಉಲ್ಲೇಖ (ಅ)ರಲ್ಲಿ ನಿಗದಿಪಡಿಸಲಾಗಿತ್ತು: ಉದ್ದ ಒಂದು ಗೇಣು, ಅಗಲ ನಾಲ್ಕು ಬೆರಳು. ಗೇಣು ಯಾರದ್ದು ಎಂಬುದನ್ನು ನಿಗದಿಪಡಿಸಿರಲಿಲ್ಲ. ‘ಮಲಗುವ ಮುಂಚೆ ದಯವಿಟ್ಟು ದೀಪ ಆರಿಸಿ’ ಎಂಬ ಮಂಜೂರಾದ ವಾಕ್ಯವನ್ನು ಬರೆಯಲು ಹೋದ ಬೋರ್ಡು ಬರೆಯುವವರು ಅರ್ಧ ಗಂಟೆ ಹಲಗೆಯನ್ನೇ ನೋಡಿ, “ಸಾರ್, ಇದರಲ್ಲಿ ಒಂದು ಪದ ಹಿಡಿಸುತ್ತೆ. ಯಾವುದು ಬೇಕು ಅಂತ ನೀವೇ ಹೇಳಿಬಿಡಿ” ಎಂದು ಕೇಳಿರುತ್ತಾರೆ. ಈ ಬಗ್ಗೆ ಮೂರು ಸಭೆ ನಡೆಸಲಾಯಿತು. ಆದೇಶ ಕೊಡುವ ಇಲಾಖೆ ದಯೆ ಬೇಡುವುದು ಸರಿಯಲ್ಲವೆಂದು ‘ದಯವಿಟ್ಟು’ ತೆಗೆಯಲಾಯಿತು. ಪ್ರಯಾಣಿಕರ ನಿದ್ದೆ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ‘ಮಲಗುವ ಮುಂಚೆ’ ತೆಗೆಯಲಾಯಿತು. ದೀಪವು ಎಲ್ಲರ ಕಣ್ಣಿಗೂ ಕಾಣುವುದರಿಂದ ಅದನ್ನು ಬರೆದು ತೋರಿಸುವ ಅಗತ್ಯವಿಲ್ಲವೆಂದು ‘ದೀಪ’ವನ್ನೂ ತೆಗೆಯಲಾಯಿತು. ಉಳಿದದ್ದು ‘ಆರಿಸಿ’. ಸಭೆಯು ಚಪ್ಪಾಳೆಯೊಂದಿಗೆ ಮುಕ್ತಾಯಗೊಂಡಿತು.

೨. ಬೋರ್ಡು ನೇತುಹಾಕಿದ ದಿನವೇ ಬೀಗದಕ್ಕ ಮೊದಲ ಅರ್ಜಿ ಸಲ್ಲಿಸಿರುತ್ತಾರೆ: “ಸ್ವಾಮಿ, ದೀಪ ಅನ್ನೋ ಪದ ವಾಪಸ್ ಕೊಡಿ.” ಇದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರಿಸಲಾಗಿದೆ. ಮುಂದಿನ ಹತ್ತು ಅರ್ಜಿಗಳಿಗೂ ಅದೇ ಉತ್ತರ ನೀಡಲಾಗಿದ್ದು, ಉತ್ತರದಲ್ಲಿ ಸಮಾನತೆ ಕಾಪಾಡಲಾಗಿದೆ.

೩. ಮೊದಲು ತಂಗಿದವರು ನಿವೃತ್ತ ಗಣಿತದ ಮೇಷ್ಟರು ಮತ್ತು ಅವರ ಶ್ರೀಮತಿ. ಆರಿಸಿ ಎಂದರೆ ಆಯ್ಕೆ ಮಾಡಿ ಎಂದು ಮೇಷ್ಟರು ಅರ್ಥೈಸಿ, ಯಾವುದರಲ್ಲಿ ಯಾವುದನ್ನು ಎಂದು ಹುಡುಕಿರುತ್ತಾರೆ. ಮನೆಯಲ್ಲಿ ಆರಿಸಲು ಇದ್ದದ್ದು ಎರಡೇ: ಅಟ್ಟ ಅಥವಾ ಬೆಂಚು. “ಏಣಿ ಹತ್ತೋಕೆ ನಿಮಗೆ ಮಂಡಿನೋವು, ಬೆಂಚಲ್ಲಿ ಮಲಗೋಕೆ ನಿಮ್ಮ ಉದ್ದಕ್ಕೆ ಬೆಂಚು ಸಾಲದು. ಇನ್ನೇನು ಆರಿಸ್ತೀರಿ? ನಿಂತ್ಕೊಂಡೇ ಮಲಗಿ” ಎಂದು ಶ್ರೀಮತಿಯವರು ಹೇಳಿದ್ದಾಗಿ ದಾಖಲಾಗಿದೆ. ಲೆಕ್ಕ ಹಾಕುತ್ತಾ ಮೇಷ್ಟರು ದೀಪದ ಕೆಳಗೇ ಎರಡು ದಿನ ಕಳೆದು, “ಉತ್ತರವಿಲ್ಲದ ಪ್ರಶ್ನೆ ಕೊಟ್ಟಿದ್ದಾರೆ” ಎಂದು ದೂರು ಸಲ್ಲಿಸಿರುತ್ತಾರೆ. ಇನ್ನು ಮುಂದೆ ಸದರಿ ಮನೆಯಲ್ಲಿ ಯಾವುದೇ ಆಯ್ಕೆಯನ್ನು ಇಪ್ಪತ್ತು ನಿಮಿಷದೊಳಗೆ ಮುಗಿಸತಕ್ಕದ್ದು.

೪. ಮೇಲ್ಕಂಡ ಪ್ರಕರಣದಿಂದ ಇನ್ನೊಂದು ತೊಡಕೂ ಬೆಳಕಿಗೆ ಬಂದಿರುತ್ತದೆ. ಮುನಿಸಿಕೊಂಡವರು ಮುಖ ತಿರುಗಿಸಿ ಕೂರಲು ಸದರಿ ಮನೆಯಲ್ಲಿ ಜಾಗವಿಲ್ಲ. ಯಾವ ಕಡೆ ತಿರುಗಿದರೂ ಇನ್ನೊಬ್ಬರ ಮುಖವೇ ಎದುರಾಗುತ್ತದೆ. ಆದ್ದರಿಂದ ಮುನಿಸನ್ನು ಬಾಗಿಲಾಚೆಯ ಚಪ್ಪಟೆ ಕಲ್ಲಿನ ಮೇಲೆ ನಿರ್ವಹಿಸತಕ್ಕದ್ದು. ಒಂದು ಸಲಕ್ಕೆ ಒಬ್ಬರು. ಇಬ್ಬರಿಗೂ ಏಕಕಾಲದಲ್ಲಿ ಮುನಿಸು ಬಂದಲ್ಲಿ ವಯಸ್ಸಿನಲ್ಲಿ ಹಿರಿಯರು ಮೊದಲು. ವಯಸ್ಸಿನ ಬಗ್ಗೆಯೇ ಜಗಳವಾದಲ್ಲಿ ಸದರಿ ಕಲಮು ಅನ್ವಯಿಸುವುದಿಲ್ಲ.

೫. ಆ ನಂತರ ದರ್ಜಿ ಅಮ್ಮ ಮತ್ತು ಅವರ ಮೂವರು ಹೆಣ್ಣುಮಕ್ಕಳು ದಾರಿಯಲ್ಲಿ ಮಳೆಗೆ ಸಿಕ್ಕಿ ತೊಪ್ಪೆಯಾಗಿ ಬಂದಿರುತ್ತಾರೆ. ಒಳಗೆ ಕಾಲಿಟ್ಟೊಡನೆ ಬೋರ್ಡು ಕಂಡು ದರ್ಜಿ ಅಮ್ಮ, “ನೋಡ್ರೇ, ಎಷ್ಟು ಒಳ್ಳೆ ಜನ. ಹೇಳೋಕೆ ಮುಂಚೆನೇ ಬಟ್ಟೆ ಆರಿಸಿ ಅಂತ ಬರೆದಿಟ್ಟಿದ್ದಾರೆ” ಎಂದಿರುತ್ತಾರೆ. ಮನೆಯ ಸುತ್ತ ಅತ್ಯಂತ ಬಿಸಿಲು ಬೀಳುವ, ಇಳಿಜಾರಾಗಿರುವ, ಹೊಳೆಯುವ ಜಾಗ ಯಾವುದೆಂದು ಹುಡುಕಿ, ಸೌರಫಲಕದ ಮೇಲೆ ಹದಿಮೂರು ಬಟ್ಟೆ ಹಾಗೂ ಒಂದು ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಹರಡಿರುತ್ತಾರೆ. ಹೊಲಿಗೆಯವರ ಕೈಯಾದ್ದರಿಂದ ಬಿಸಿಲು ನುಸುಳಲು ಎಳೆಯಷ್ಟೂ ಸಂದು ಉಳಿದಿರಲಿಲ್ಲ. ಕಂಬಳಿ ಒಣಗಲು ಎರಡು ದಿನ ಹಿಡಿಯಿತು. ಬ್ಯಾಟರಿ ಒಣಗಲು ಒಂದೇ ದಿನ ಸಾಕಾಯಿತು. ಹೊರಡುವಾಗ “ಮನೆಯಲ್ಲಿ ದೀಪವೇ ಉರಿಯಲಿಲ್ಲ” ಎಂಬ ದೂರನ್ನು ಚೆನ್ನಾಗಿ ಒಣಗಿದ ಕೈಗಳಿಂದ ಬರೆದುಕೊಟ್ಟಿರುತ್ತಾರೆ.

೬. ಅವರು ಹೊರಟ ಬೆನ್ನಿಗೇ ಸೂರ್ಯನು ಮೋಡದ ಹಿಂದೆ ಸರಿದಿದ್ದು, ಈ ಬಗ್ಗೆ ಮುಂಚಿತವಾಗಿ ರಜೆ ಅರ್ಜಿ ಸಲ್ಲಿಸಿರುವುದಿಲ್ಲ. ಇದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಕಾರಣ ಕೇಳಿ ನೋಟಿಸನ್ನು ಛಾವಣಿಯ ಮೇಲೆ ಅಂಟಿಸಲಾಗಿತ್ತು. ಅದೂ ಸೌರಫಲಕದ ಮೇಲೆಯೇ ಇದ್ದುದರಿಂದ ಬೀಗದಕ್ಕ ಕಿತ್ತು ಹಾಕಿರುತ್ತಾರೆ.

೭. ಮುಂದೆ ಬಂದವರು ಎಂಟು ತಿಂಗಳ ಕೂಸನ್ನು ಎತ್ತಿಕೊಂಡ ಅಂಚೆಯಣ್ಣ ಮತ್ತು ಅವರ ತಂಗಿ. ಕೂಸು ಹಸಿದು ಕಿರುಚುತ್ತಿತ್ತು, ಹಾಲು ಕುದಿಯುತ್ತಿತ್ತು, ಬೋರ್ಡು ಆರಿಸಿ ಎನ್ನುತ್ತಿತ್ತು. ಹಾಲನ್ನು ಎಷ್ಟು ಎತ್ತರದಿಂದ ಸುರಿದರೆ ಅಷ್ಟು ಬೇಗ ಆರುತ್ತದೆ ಎಂಬ ನಂಬಿಕೆಯಿಂದ ಅಂಚೆಯಣ್ಣ ಲೋಟದೊಂದಿಗೆ ಅಟ್ಟ ಹತ್ತಿ, “ಪಾತ್ರೆ ಸರಿಯಾಗಿ ಹಿಡಿಯೇ” ಎಂದು ಮೇಲಿನಿಂದ ಸುರಿದಿರುತ್ತಾರೆ. “ಎಲ್ಲಿ ಕಾಣುತ್ತೆ ಅಣ್ಣಾ, ದೀಪನೇ ಇಲ್ಲ” ಎಂಬ ತಂಗಿಯ ಉತ್ತರ ಹಾಲಿನ ನಂತರ ತಲುಪಿರುತ್ತದೆ. ಅಟ್ಟದಿಂದ ಕೆಳಕ್ಕೆ ಯಾವುದೇ ದ್ರವಪದಾರ್ಥವನ್ನು ರವಾನಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಕಣ್ಣೀರಿಗೆ ವಿನಾಯಿತಿ ಇದೆ.

೮. ಮೊಮ್ಮಗಳ ಊರಿಗೆ ಹೋಗುವ ದಾರಿಯಲ್ಲಿ ಒಂದು ಹಗಲು ತಂಗಿದ್ದ ಅಜ್ಜಿಯೊಬ್ಬರು ಆರಿಸಿ ಎಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎಂದು ತಿಳಿದು, ಅಕ್ಕಿ ಸಿಗದೆ, ಶೌಚಗೃಹದ ಮರದ ಹೊಟ್ಟಿನ ಚೀಲವನ್ನು ಮೊರದ ಮೇಲೆ ಸುರಿದುಕೊಂಡು ಕುಳಿತಿರುತ್ತಾರೆ. “ಏನು ಕಸ ಕಣಮ್ಮಾ ಇದರಲ್ಲಿ. ನೋಡು, ನಯದ್ದು ಬೇರೆ, ತರಿ ಬೇರೆ, ಚಕ್ಕೆ ಬೇರೆ ಮಾಡಿದೀನಿ” ಎಂದು ಬೀಗದಕ್ಕನಿಗೆ ಮೂರು ಬುಟ್ಟಿ ಒಪ್ಪಿಸಿ, ತಲೆ ಸವರಿ, ದೂರು ಕೊಡದೆ ಹೊರಟುಹೋದ ಏಕೈಕ ಪ್ರಯಾಣಿಕರು ಇವರೇ. ಯಾವ ಸಂದರ್ಭಕ್ಕೆ ಯಾವ ಬುಟ್ಟಿ ಎಂದು ಹೇಳಿ ಹೋಗಿರುವುದಿಲ್ಲ. ಅವಸರದಲ್ಲಿರುವವರು ನಡುವಿನ ಬುಟ್ಟಿಯನ್ನು ಬಳಸತಕ್ಕದ್ದು.

೯. ಕೊನೆಯದಾಗಿ, ರಜೆಯ ಮೇಲೆ ಬಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು. ಚಹಾಕ್ಕೆ ಒಲೆ ಹಚ್ಚಿ, ಅಂಗಿ ಕಳಚಲು ತಿರುಗಿದಾಗ ಬೋರ್ಡು ಕಣ್ಣಿಗೆ ಬಿದ್ದಿರುತ್ತದೆ. ಮುಂದಿನದು ಅವರ ಹೇಳಿಕೆಯಲ್ಲೇ: “ಇಪ್ಪತ್ತು ವರ್ಷದ ನೌಕರಿ ಅಕ್ಕ. ಆರಿಸಿ ಅಂದ್ರೆ ನಮಗೆ ಇನ್ನೊಂದು ಅರ್ಥನೇ ಇಲ್ಲ. ಕೈ ತಾನಾಗೇ ಪೀಪಾಯಿಗೆ ಹೋಯ್ತು.” ಒಂದು ಲೋಟ ಚಹಾದ ಒಲೆಯ ಮೇಲೆ ಇನ್ನೂರು ಲೀಟರು ಮಳೆನೀರನ್ನು ಹನ್ನೆರಡು ನಿಮಿಷದಲ್ಲಿ ಖಾಲಿ ಮಾಡಲಾಗಿದ್ದು, ಒಲೆ ಆರಿರುವುದು ದೃಢಪಟ್ಟಿದೆ. ಚಹಾ ಸಿಗಲಿಲ್ಲವೆಂಬ ದೂರನ್ನೂ ಅವರೇ ನೀಡಿರುತ್ತಾರೆ.

೧೦. ಹೀಗೆ ಮನೆಯಲ್ಲಿ ಬೆಳಕೂ ಇಲ್ಲದೆ ನೀರೂ ಇಲ್ಲದೆ ಹೋದ ಕಾರಣ ಕರಡು ಆದೇಶ ಸಿದ್ಧಪಡಿಸಲಾಯಿತು: ತಪಾಸಣೆಯ ದಿನ ದೀಪ ಉರಿಯದಿದ್ದಲ್ಲಿ ಮನೆಯನ್ನು ಲಾರಿಗೆ ಕಟ್ಟಿ ಇಲಾಖೆಯ ಗೋದಾಮಿಗೆ ಎಳೆದೊಯ್ಯತಕ್ಕದ್ದು, ಮನೆಯಿಲ್ಲದ ಮೇಲೆ ಮೇಲ್ವಿಚಾರಕಿಯ ಹುದ್ದೆಯು ಮಡಚುವ ಮೇಜಿನಂತೆ ತಾನಾಗಿಯೇ ಮಡಚಿಕೊಳ್ಳತಕ್ಕದ್ದು. ಪ್ರತಿ ತಲುಪಿದ ದಿನ ಬೀಗದಕ್ಕ ಅದನ್ನು ಎರಡು ಸಲ ಓದಿ, ಮನೆಗೆ ಕೇಳಿಸದಿರಲೆಂದು ಚಪ್ಪಟೆ ಕಲ್ಲಿನ ಮೇಲೆ ಹೋಗಿ ಮೂರನೇ ಸಲ ಓದಿರುತ್ತಾರೆ. ಹಸುವನ್ನು ಮಾರಿದವರು ಕೊಟ್ಟಿಗೆ ಗುಡಿಸುವ ಹಾಗೆ ಅಂದು ಸಂಜೆಯವರೆಗೂ ನೆಲ ಒರೆಸಿದರೆಂದು ತಿಳಿದುಬಂದಿದೆ.

೧೧. ನಿಗದಿತ ದಿನ ಮಧ್ಯಾಹ್ನ ತಪಾಸಣಾಧಿಕಾರಿಗಳು ಇನ್ನೂರ ನಲವತ್ತು ಮೆಟ್ಟಿಲು ಹತ್ತಿ ಬಂದರು. ಲಾರಿ ಸುತ್ತುರಸ್ತೆಯಲ್ಲಿ ಬಂದು ಗುಡ್ಡದ ಅಂಚಿನಲ್ಲಿ ನಿಂತಿತ್ತು. ಉರಿಯದ ಬಲ್ಬನ್ನೂ ಬೀಗದಕ್ಕ ಬೆಳಗ್ಗೆಯೇ ಒರೆಸಿಟ್ಟಿದ್ದರು. ಅಧಿಕಾರಿಗಳು ಸ್ವಿಚ್ಚು ಒತ್ತಿದರು, ದೀಪ ಬರಲಿಲ್ಲ. ನಲ್ಲಿ ತಿರುಗಿಸಿದರು, ಮೂರು ಹನಿ ಬಿತ್ತು, ಮೂರು ಎಂದು ಬರೆದುಕೊಂಡರು. ಆದೇಶಕ್ಕೆ ಸಹಿ ಹಾಕಲು ಮೇಜು ಬಿಡಿಸಿ ತಲೆ ಎತ್ತಿದಾಗ ಬೋರ್ಡು ಕಂಡಿತು.

“ಏನಮ್ಮ ಇದು? ಏನಂತ ಓದ್ಕೋಬೇಕು?”

“ಅದನ್ನೇ ನಾನು ಹನ್ನೊಂದು ಸಲ ಕೇಳಿದ್ದು ಸಾರ್. ಈಗ ಗೊತ್ತಾಗಿದೆ. ಬಂದೋರು ತಮಗೇನು ಬೇಕೋ ಅದನ್ನೇ ಓದ್ಕೋತಾರೆ. ನೆಂದು ಬಂದೋರು ಬಟ್ಟೆ ಅಂತ ಓದಿದ್ರು, ಕೂಸು ಇದ್ದೋರು ಹಾಲು ಅಂತ ಓದಿದ್ರು. ದೀಪ ಅಂತ ಓದಿದ್ದು ನಾನೊಬ್ಬಳೇ. ಬ್ಯಾಟರಿ ಚಿಂತೆ ನನಗೊಬ್ಬಳಿಗೇ ತಾನೇ ಇರೋದು. ಇರಲಿ, ನೀವೇನಂತ ಓದಿದ್ರಿ?”

ಅಧಿಕಾರಿಗಳು ಬೋರ್ಡನ್ನು ಇನ್ನೊಮ್ಮೆ ಓದಿದರು. ಅವರ ಕಾಲಲ್ಲಿ ಇನ್ನೂರ ನಲವತ್ತು ಮೆಟ್ಟಿಲುಗಳಿದ್ದವು. ಮೈಯಲ್ಲಿ ಮೂವತ್ತೊಂದು ವರ್ಷದ ಸೇವೆ ಇತ್ತು.

“ದಣಿವು,” ಎಂದರು.

“ಹಾಗಾದ್ರೆ ದಣಿವಾರಿಸ್ಕೊಳ್ಳಿ ಸಾರ್. ಮನೆ ಎಲ್ಲಿಗೂ ಓಡಿಹೋಗಲ್ಲ.” ಅಂದವರೇ ಬೀಗದಕ್ಕ ನಾಲಿಗೆ ಕಚ್ಚಿಕೊಂಡಿರುತ್ತಾರೆ. ಓಡಿಸಲೆಂದೇ ಲಾರಿ ಹೊರಗೆ ಕಾದಿತ್ತು.

೧೨. ಅಧಿಕಾರಿಗಳು ಬೂಟು ಕಳಚಿ, ಬೆಂಚಿನ ಅಳತೆಗೆ ಮೊಣಕಾಲು ಮಡಚಿ, ಮಲಗಿದರು. ಇದನ್ನು ತಪಾಸಣೆಯ ಭಾಗವೆಂದು ಪರಿಗಣಿಸಲಾಗಿದೆ. ಸಹಿಯಾಗದ ಆದೇಶ ಗಾಳಿಗೆ ಹಾರುತ್ತಿದ್ದುದನ್ನು ಕಂಡ ಬೀಗದಕ್ಕ, ಹಾರಿಹೋಗಲಿ ಎಂದು ಬಿಡಬಹುದಾಗಿದ್ದರೂ ಬಿಡದೆ, ಅದರ ಮೇಲೆ ತಮ್ಮ ಬೀಗವನ್ನೇ ಭಾರಕ್ಕೆ ಇಟ್ಟಿರುತ್ತಾರೆ. ದರ್ಜಿ ಅಮ್ಮ ಹೋದಂದಿನಿಂದ ಕಾಣೆಯಾಗಿದ್ದ ಸೂರ್ಯನು ಅಷ್ಟರಲ್ಲಿ ಕೆಲಸಕ್ಕೆ ಹಾಜರಾಗಿದ್ದನು. ಬಿಸಿಲು ಸೌರಫಲಕದ ಮೇಲೆ ಬಿತ್ತು, ಫಲಕದಿಂದ ಬ್ಯಾಟರಿಗೆ ಇಳಿಯಿತು, ಮಧ್ಯಾಹ್ನ ಮೂರೂಮುಕ್ಕಾಲಕ್ಕೆ, ಅಧಿಕಾರಿಗಳು ಒತ್ತಿ ಹಾಗೆಯೇ ಬಿಟ್ಟಿದ್ದ ಸ್ವಿಚ್ಚಿನಿಂದಾಗಿ, ದೀಪ ತಾನಾಗಿಯೇ ಹೊತ್ತಿಕೊಂಡಿತು.

ಮನೆಯನ್ನೂ ಹುದ್ದೆಯನ್ನೂ ಉಳಿಸಬಲ್ಲ ಏಕೈಕ ಸಾಕ್ಷಿ ಬೀಗದಕ್ಕನ ತಲೆಯ ಮೇಲೆಯೇ ಉರಿಯುತ್ತಿತ್ತು. ಅಧಿಕಾರಿಗಳನ್ನು ಒಂದು ಸಲ ಕೂಗಿ ಎಬ್ಬಿಸಿದ್ದರೆ ಸಾಕಿತ್ತು. ಬೀಗದಕ್ಕ ದೀಪ ನೋಡಿದರು. ಬಾಗಿಲಾಚೆಯ ಬಿಸಿಲು ನೋಡಿದರು. ಬ್ಯಾಟರಿ ಪಾಪ ಈಗಷ್ಟೇ ಕಣ್ಣು ಬಿಡುತ್ತಿದೆ ಎಂದುಕೊಂಡು, ಎದ್ದು ಹೋಗಿ, ದೀಪ ಆರಿಸಿದರು.

ದೀಪದ ಬೆಳಕು ಮುಖಕ್ಕೆ ಬಿದ್ದಾಗಲೇ ಅಧಿಕಾರಿಗಳಿಗೆ ಎಚ್ಚರವಾಗಿತ್ತು.

“ಯಾಕಮ್ಮ ಆರಿಸಿದ್ರಿ? ಅದು ಉರೀತಿದ್ರೆ ನಿಮ್ಮ ಮನೆ ಉಳೀತಿತ್ತಲ್ಲ.”

“ಹಗಲು ಹೊತ್ತಲ್ಲಿ ಯಾಕೆ ಸಾರ್ ದೀಪ? ಸಂಜೆಗೆ ಯಾರಾದ್ರೂ ಬಂದ್ರೆ ಅವರಿಗೆ ಬೇಕಲ್ವಾ.”

೧೩. ಸದರಿ ಬೋರ್ಡು ನೇತುಬಿದ್ದಂದಿನಿಂದ, ಅದರಲ್ಲಿ ಬರೆದಿರುವುದನ್ನು ಇಲಾಖೆಯು ಉದ್ದೇಶಿಸಿದ ಅರ್ಥದಲ್ಲೇ ಪಾಲಿಸಿದ ಮೊದಲ ಪ್ರಕರಣ ಇದಾಗಿರುತ್ತದೆ. ಇದನ್ನು ತಪಾಸಣಾಧಿಕಾರಿಗಳು ಕಣ್ಣಾರೆ ಕಂಡಿರುವುದರಿಂದ ಉಲ್ಲೇಖ (ಈ)ರ ಕರಡು ಆದೇಶವನ್ನು ಹಿಂಪಡೆಯಲಾಗಿದೆ. ಮನೆಯು ಗುಡ್ಡದ ಮೇಲೆಯೇ ಇರತಕ್ಕದ್ದು.

೧೪. ಬೋರ್ಡಿನ ಅಳತೆ ಬದಲಿಸಲು ಬರುವುದಿಲ್ಲ. ಆದ್ದರಿಂದ ಬೋರ್ಡಿನಲ್ಲಿ ಹಿಡಿಸದ ಪದಗಳನ್ನು ಬಾಯಲ್ಲಿ ಹೇಳಲು ‘ಉಳಿದ ಪದಗಳ ಅಧಿಕಾರಿ’ ಎಂಬ ಖಾಯಂ ಹುದ್ದೆಯನ್ನು ಸೃಜಿಸಿ, ಬೀಗದಕ್ಕನನ್ನು ಅದಕ್ಕೆ ನೇಮಿಸಲಾಗಿದೆ. ಅವರು ಪ್ರತಿ ಪ್ರಯಾಣಿಕರನ್ನು ಬಾಗಿಲಲ್ಲೇ ನಿಲ್ಲಿಸಿ, ಮೈ ಒದ್ದೆಯೇ, ಕಂಕುಳಲ್ಲಿ ಕೂಸಿದೆಯೇ, ಅಗ್ನಿಶಾಮಕ ದಳದವರೇ ಎಂದು ವಿಚಾರಿಸಿ, ಅವರವರಿಗೆ ತಕ್ಕ ಅರ್ಥವನ್ನು ಒದಗಿಸಿ, ಎಲ್ಲರಿಗೂ ಕೊನೆಯಲ್ಲಿ ‘ದೀಪ’ ಎಂಬ ಪದವನ್ನು ತಪ್ಪದೆ ಕೊಡತಕ್ಕದ್ದು. ಪದ ಪಡೆದ ಬಗ್ಗೆ ರಶೀದಿ ಇರುವುದಿಲ್ಲ.

೧೫. ದಣಿದು ಬಂದವರನ್ನು ವಿಚಾರಿಸತಕ್ಕದ್ದಲ್ಲ. ಬೆಂಚು ತೋರಿಸತಕ್ಕದ್ದು.

ಸಂಬಂಧಪಟ್ಟವರೆಲ್ಲರೂ ಮೇಲ್ಕಂಡ ಸೂಚನೆಗಳನ್ನು ಅಕ್ಷರಶಃ ಪಾಲಿಸುವುದು. ಅಕ್ಷರಗಳು ಮೂರೇ ಇರುವುದರಿಂದ ತಪ್ಪಲು ಕಾರಣಗಳು ಕಂಡುಬರುವುದಿಲ್ಲ.

(ಸಹಿ ಇದೆ, ಮೇಜು ನಡುವೆ ಮಡಚಿಕೊಂಡಿದ್ದರಿಂದ ಸ್ವಲ್ಪ ಓರೆಯಾಗಿದೆ)
ತಪಾಸಣಾಧಿಕಾರಿ
ಶಿಬಿರ: ಮೂರನೇ ಪುಟ್ಟ ಮನೆ, ಬೆಂಚು
ತಪಾಸಣೆ ಮುಂದುವರಿದಿದೆ.

ಪ್ರತಿಗಳು:

೧. ನಿವೃತ್ತ ಗಣಿತದ ಮೇಷ್ಟರಿಗೆ: ಉತ್ತರ ‘ದೀಪ’ ಎಂಬ ಮಾಹಿತಿಗಾಗಿ.
೨. ಅವರ ಶ್ರೀಮತಿಯವರಿಗೆ: ಪ್ರತ್ಯೇಕ ಲಕೋಟೆಯಲ್ಲಿ.
೩. ದರ್ಜಿ ಅಮ್ಮನವರಿಗೆ: ಕಂಬಳಿ ಮನೆಯಲ್ಲಿಯೇ ಉಳಿದಿತ್ತೆಂದು ತಿಳಿಸುತ್ತಾ, ಕಂಬಳಿ ಸಹಿತ.
೪. ಬೋರ್ಡು ಬರೆಯುವವರಿಗೆ: ಓದಿ ಸುಮ್ಮನಿರಲು.
೫. ಅಗ್ನಿಶಾಮಕ ಸಿಬ್ಬಂದಿಯವರಿಗೆ: ಮುಂದಿನ ಸಲ ಫ್ಲಾಸ್ಕಿನಲ್ಲಿ ಚಹಾ ತರುವಂತೆ ಕೋರಿ.
೬. ತಪಾಸಣಾಧಿಕಾರಿಗಳ ಮನೆಯವರಿಗೆ: ಊಟಕ್ಕೆ ಕಾಯಬಾರದೆಂದು ತಿಳಿಸಲು.
೭. ಸೂರ್ಯನಿಗೆ: ನೋಟಿಸು ಹಿಂಪಡೆಯಲಾಗಿದೆ. ಪ್ರತಿಯನ್ನು ಈ ಸಲ ನೆಲದ ಮೇಲೆ ಇಡಲಾಗಿದೆ.
೮. ಲಾರಿ ಚಾಲಕರಿಗೆ: ಖಾಲಿ ಲಾರಿಯೊಂದಿಗೆ ಹಿಂತಿರುಗಲು. ಸಂಜೆ ಅವರು “ಕಟ್ಟೋಣ್ವಾ ಸಾರ್” ಎಂದು ಕೇಳಲು ಒಳಗೆ ಬಂದು, ಬೋರ್ಡು ಓದಿ, ಸದ್ಯ ಅಟ್ಟದ ಮೇಲೆ ಮಲಗಿರುತ್ತಾರೆ. ಎಬ್ಬಿಸಿ ಕೊಡುವ ಅಗತ್ಯವಿಲ್ಲ. ಎದ್ದ ಮೇಲೆ ತಲುಪಿಸುವುದು.